ಕೆಂಪುಕೋಟೆಯಲ್ಲಿ ನಡೆದ ವಿಚಾರಣೆ

ಮನೆಯಲ್ಲಿ ಒಂದು ಬೆಳ್ಳಿಯ ಲೋಟ ಕಾಣದೆ ಹೋಯಿತೆಂದರೆ ಮೊದಲು ನಮ್ಮ ಕಣ್ಣು ಹೊರಳುವುದು ಕೆಲಸದವಳ ಕಡೆಗೆ. ಲೋಟವು ಅಟ್ಟದ ಮೇಲಿದ್ದೀತು, ಮಗುವು ಆಡುತ್ತ ಹಿತ್ತಲಿನಲ್ಲಿ ಬಿಟ್ಟಿದ್ದೀತು, ಊರಿಗೆ ಹೊರಟ ನೆಂಟರೇ ಮರೆತು ತಮ್ಮ ಗಂಟಿನಲ್ಲಿ ಸೇರಿಸಿಕೊಂಡಿದ್ದಾರು. ಇವೆಲ್ಲ ಆಮೇಲೆ ಹೊಳೆಯುವ ಯೋಚನೆಗಳು. ಅಷ್ಟರಲ್ಲಿ ಕೆಲಸದವಳ ಸೆರಗಿನ ಗಂಟನ್ನು ಬಿಚ್ಚಿ ನೋಡಿದ್ದಾಗಿರುತ್ತದೆ, ಅವಳ ಕಣ್ಣಲ್ಲಿ ನೀರು ಬಂದದ್ದೂ ಆಗಿರುತ್ತದೆ.

ಇಷ್ಟು ಸಣ್ಣ ಮಾತಿನಿಂದ ಒಂದು ದೊಡ್ಡ ವಿಷಯವನ್ನು ಆರಂಭಿಸುವುದೆ ಎಂದು ವಾಚಕರು ಬೇಸರಪಡಬಾರದು. ಮನೆಯೊಳಗೆ ಲೋಟದ ವಿಷಯದಲ್ಲಿ ನಡೆಯುವುದೇ ದೇಶದೊಳಗೆ ಪ್ರಾಣದ ವಿಷಯದಲ್ಲಿಯೂ ನಡೆಯುತ್ತದೆ. ಯಾರೋ ಒಬ್ಬನು ತನ್ನ ಮತದ ಹೆಸರು ಹೇಳಿಕೊಂಡು ಬಾಂಬು ಎಸೆದನು, ಗುಂಡು ಹಾರಿಸಿದನು ಎಂಬ ವಾರ್ತೆ ಬಂದೊಡನೆ ಜನರು ಕೇಳುವುದು 'ಅವನು ಯಾರು?' ಎಂದಲ್ಲ, 'ಅವನು ಯಾರವನು?' ಎಂದು. ಈ ಎರಡು ಪ್ರಶ್ನೆಗಳಿಗಿರುವ ಅಂತರವು ಎಷ್ಟು ದೊಡ್ಡದೆಂಬುದು ತಿಳಿಯಬೇಕಾದರೆ, ನಮ್ಮ ದೇಶವು ಸ್ವತಂತ್ರವಾದ ಮೊದಲನೆಯ ವರ್ಷದಲ್ಲಿಯೇ ಎದುರಿಸಬೇಕಾಗಿ ಬಂದ ಒಂದು ಮೊಕದ್ದಮೆಯ ಕಥೆಯನ್ನು ಸಾವಧಾನವಾಗಿ ನೆನೆಯಬೇಕು.

1948ನೆಯ ಜನವರಿ 13ರಿಂದ 18ರ ವರೆಗೆ ಗಾಂಧೀಜಿಯವರು ದೆಹಲಿಯಲ್ಲಿ ಉಪವಾಸವಿದ್ದರು. ದೇಶವಿಭಜನೆಯ ರಕ್ತವಿನ್ನೂ ಒಣಗಿರಲಿಲ್ಲ. ಪಂಜಾಬಿನಿಂದ ಎಲ್ಲವನ್ನೂ ಕಳೆದುಕೊಂಡು ಬಂದ ಲಕ್ಷಾಂತರ ನಿರಾಶ್ರಿತರು ರಾಜಧಾನಿಯಲ್ಲಿ ತುಂಬಿದ್ದರು. ಅವರ ದುಃಖವು ನಿಜವಾದದ್ದು, ಅವರ ಕೋಪಕ್ಕೂ ಕಾರಣವಿದ್ದಿತು. ಆದರೆ ಆ ಕೋಪವು ದೆಹಲಿಯ ಮುಸಲ್ಮಾನ ನೆರೆಯವನ ಮೇಲೆ ಬೀಳುವುದು ಯಾವ ನ್ಯಾಯ ಎಂದು ಕೇಳಿದವರು ಆ ವೃದ್ಧರು. ಆಕ್ರಮಿಸಿಕೊಂಡ ಮಸೀದಿಗಳನ್ನು ಬಿಟ್ಟುಕೊಡಬೇಕು, ಅಲ್ಲಿನ ಮುಸಲ್ಮಾನರು ನಿರ್ಭಯವಾಗಿ ಬಾಳುವಂತಾಗಬೇಕು ಎಂಬುವು ಉಪವಾಸವನ್ನು ಮುಗಿಸಲು ಅವರು ಕೇಳಿದ ಮಾತುಗಳಲ್ಲಿ ಸೇರಿದ್ದುವು. ಈ ಮಾತುಗಳು ಕೆಲವರಿಗೆ ಸ್ವಮತದ್ರೋಹವಾಗಿ ಕಂಡುವು.

20ರ ಸಂಜೆ ಬಿರ್ಲಾ ಭವನದಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ ಹಿಂಬದಿಯ ಗೋಡೆಯ ಬಳಿ ಸ್ಫೋಟವಾಯಿತು. ಮದನಲಾಲ ಪಾಹ್ವಾ ಎಂಬ ನಿರಾಶ್ರಿತ ತರುಣನು ಅಲ್ಲಿಯೇ ಸಿಕ್ಕಿಬಿದ್ದನು. ಅವನ ಸಂಗಡಿಗರು ತಪ್ಪಿಸಿಕೊಂಡರು. ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ಗಾಂಧೀಜಿಯವರು ಆ ಹುಡುಗನ ಮೇಲೆ ಯಾರೂ ದ್ವೇಷವನ್ನಿಡಬಾರದೆಂದರು, ಪೋಲೀಸರು ಅವನನ್ನು ಹಿಂಸಿಸಬಾರದೆಂದೂ ಕೇಳಿಕೊಂಡರು. ಪ್ರಾರ್ಥನೆಗೆ ಬರುವವರನ್ನು ತಡೆದು ಶೋಧಿಸುವುದಕ್ಕೂ ಅವರು ಒಪ್ಪಲಿಲ್ಲ. ಹತ್ತು ದಿನ ಕಳೆಯಿತು. 30ರ ಸಂಜೆ 5 ಗಂಟೆ ದಾಟಿ ಕೆಲವು ನಿಮಿಷಗಳಾಗಿದ್ದಾಗ ನಾಥೂರಾಮ ಗೋಡಸೆಯು ಹತ್ತಿರ ಬಂದು ಮೂರು ಗುಂಡುಗಳನ್ನು ಹಾರಿಸಿದನು.

ಆ ಸಂಜೆಯ ಮೊದಲ ಗಳಿಗೆಗಳಲ್ಲಿ ಏನಾಗಬಹುದಾಗಿತ್ತೆಂಬುದನ್ನು ಊಹಿಸಿದರೆ ಇಂದಿಗೂ ಮೈ ನಡುಗುತ್ತದೆ. ಕೊಂದವನು ಮುಸಲ್ಮಾನನೆಂಬ ಗಾಳಿಮಾತು ಬಿರ್ಲಾ ಭವನದ ಬಾಗಿಲಲ್ಲಿಯೇ ಹುಟ್ಟಿತ್ತು. ಆಗ ಗವರ್ನರ್ ಜನರಲ್ ಆಗಿದ್ದ ಮೌಂಟ್‌ಬ್ಯಾಟನ್ನರು ಅಲ್ಲಿಗೆ ಬಂದಾಗ ಗುಂಪಿನಲ್ಲಿ ಒಬ್ಬನು ಹಾಗೆಂದು ಕೂಗಿದನು. ಅವರು ತಿರುಗಿ, ಕೊಂದವನು ಹಿಂದುವೆಂಬುದು ನಿನಗೆ ಗೊತ್ತಿಲ್ಲವೆ ಎಂದು ಗದರಿದರು. ಆ ಕ್ಷಣದಲ್ಲಿ ಅದು ಅವರಿಗೂ ಗೊತ್ತಿರಲಿಲ್ಲವೆಂದು ಜೊತೆಗಿದ್ದ ಅವರ ಅಧಿಕಾರಿಯೇ ಬರೆದಿಟ್ಟಿದ್ದಾನೆ. ಹಂತಕನು ಮುಸಲ್ಮಾನನಾಗಿದ್ದರೆ ದೇಶದಲ್ಲಿ ಕೊಲೆಗೆ ಕೊನೆಯೇ ಇರದೆಂದು ಅವರು ಬಲ್ಲವರಾಗಿದ್ದರು. ಸ್ವಲ್ಪ ಹೊತ್ತಿನಲ್ಲಿ ರೇಡಿಯೋ ಸಹ ಕೊಂದವನು ಹಿಂದುವೆಂದು ಸ್ಪಷ್ಟವಾಗಿ ಸಾರಿತು. ನೆಹರೂರವರೂ ಪಟೇಲರೂ ಅದೇ ರಾತ್ರಿ ಮಾತನಾಡಿ, ಸೇಡಿನ ಮಾತನ್ನೇ ಆಡದಂತೆ ಜನತೆಯನ್ನು ಬೇಡಿಕೊಂಡರು. ಎಷ್ಟು ಸಾವಿರ ಮನೆಗಳ ದೀಪಗಳು ಆ ಒಂದು ಪ್ರಕಟಣೆಯಿಂದ ಉಳಿದುವೋ, ಲೆಕ್ಕವಿಟ್ಟವರಿಲ್ಲ.

ಆದರೆ ಮನುಷ್ಯನ ರೋಷಕ್ಕೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ಹುಡುಕುವ ಚಾಳಿಯುಂಟು. ಹಂತಕನ ಹೆಸರು ತಿಳಿಯಿತು. ಹೆಸರಿನಿಂದ ಊರು, ಊರಿನಿಂದ ಜಾತಿ ತಿಳಿಯಿತು. ಪುಣೆ, ಸಾತಾರಾ, ಕೊಲ್ಹಾಪುರ, ಸಾಂಗ್ಲಿಗಳ ಕಡೆ ಚಿತ್ಪಾವನ ಬ್ರಾಹ್ಮಣರ ಮನೆಗಳಿಗೆ, ಕೊನೆಗೆ ಬ್ರಾಹ್ಮಣರೆಂಬ ಹೆಸರುಳ್ಳ ಎಲ್ಲರ ಮನೆಗಳಿಗೂ, ಬೆಂಕಿ ಬಿದ್ದಿತು. ಕೊಲ್ಹಾಪುರದಲ್ಲಿ ಚಿತ್ರನಿರ್ಮಾಪಕ ಭಾಲ್ಜಿ ಪೆಂಢಾರ್ಕರರ ಸ್ಟುಡಿಯೋ ಸುಟ್ಟುಹೋಯಿತು. ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿಸುತ್ತಿದ್ದವನು, ಪಂಚಾಂಗ ಹೇಳಿ ಹೊಟ್ಟೆ ಹೊರೆಯುತ್ತಿದ್ದವನು, ಗಾಂಧೀಜಿಯವರ ಹೆಸರಿನಲ್ಲಿ ಸೆರೆಮನೆಗೆ ಹೋಗಿ ಬಂದವನು ಎಂಬ ಭೇದ ಬೆಂಕಿಗೆಲ್ಲಿಯದು? ರಾತ್ರೋರಾತ್ರಿ ಮಕ್ಕಳನ್ನು ಎತ್ತಿಕೊಂಡು ಹೊರಟ ಎಷ್ಟೋ ಕುಟುಂಬಗಳು ಹುಟ್ಟಿದ ಹಳ್ಳಿಗೆ ಮರಳಿ ಬರಲೇ ಇಲ್ಲ. ಅಹಿಂಸೆಯನ್ನು ಬೋಧಿಸಿ ಸತ್ತವರ ಹೆಸರಿನಲ್ಲಿ ಈ ಕೃತ್ಯ ನಡೆಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಗಮನಿಸಬೇಕಾದ ಸಂಗತಿಯೊಂದುಂಟು. ಒಂದು ಸಮುದಾಯವನ್ನು ಉಳಿಸಿದ 'ಹಿಂದು' ಎಂಬ ಮಾತೇ ಇನ್ನೊಂದು ಸಮುದಾಯದ ಕಡೆಗೆ ಬೆರಳಾಯಿತು. ಜನರು ಕೇಳುತ್ತಿದ್ದ ಪ್ರಶ್ನೆ ಮಾತ್ರ ಬದಲಾಗಿರಲಿಲ್ಲ.

ಬೀದಿಯು ತನ್ನ ತೀರ್ಪನ್ನು ಹೀಗೆ ಒಂದು ವಾರದೊಳಗಾಗಿ ಕೊಟ್ಟು ಮುಗಿಸಿತು. ನ್ಯಾಯಾಸ್ಥಾನವು ತೆಗೆದುಕೊಂಡ ಕಾಲ ಒಂದು ವರ್ಷಕ್ಕೂ ಮಿಗಿಲು.

ವಿಚಾರಣೆಗೆ ದೆಹಲಿಯ ಕೆಂಪುಕೋಟೆಯನ್ನು ಗೊತ್ತುಮಾಡಿದರು. ಆ ಕೋಟೆಗೆ ವಿಚಾರಣೆಗಳು ಹೊಸವಲ್ಲ. 1858ರಲ್ಲಿ ಮುದುಕನಾದ ಬಹದೂರ್ ಷಹನನ್ನು ಅವನ ಅರಮನೆಯೊಳಗೇ ನಿಲ್ಲಿಸಿ ವಿಚಾರಿಸಿ ರಂಗೂನಿಗೆ ಕಳುಹಿಸಿದ್ದರು. ಅದು ಗೆದ್ದವನು ಸೋತವನಿಗೆ ಮಾಡುವ ವಿಚಾರಣೆ. 1945ರಲ್ಲಿ ಆಜಾದ್ ಹಿಂದ್ ಸೇನೆಯ ಅಧಿಕಾರಿಗಳನ್ನು ಅಲ್ಲಿಯೇ ವಿಚಾರಿಸಿದ್ದರು. ಈ ಸಲ ಕುರ್ಚಿಯ ಮೇಲೆ ಕುಳಿತವರು ನಮ್ಮವರು, ಕಟಕಟೆಯಲ್ಲಿ ನಿಂತವರೂ ನಮ್ಮವರು. ಆತ್ಮಚರಣ ಎಂಬುವರು ವಿಶೇಷ ನ್ಯಾಯಾಧಿಪತಿಗಳು. 1948ನೆಯ ಮೇ ತಿಂಗಳ 27ರಂದು ಕಲಾಪ ಆರಂಭವಾಯಿತು. ಆಪಾದಿತರು ಎಂಟು ಮಂದಿ: ನಾಥೂರಾಮ ಗೋಡಸೆ, ಅವನ ತಮ್ಮ ಗೋಪಾಲ, ನಾರಾಯಣ ಆಪ್ಟೆ, ವಿಷ್ಣು ಕರಕರೆ, ಮದನಲಾಲ, ಶಂಕರ ಕಿಸ್ತಯ್ಯ, ಗ್ವಾಲಿಯರಿನ ವೈದ್ಯ ಪರಚುರೆ, ಹಿಂದೂ ಮಹಾಸಭೆಯ ಪ್ರಸಿದ್ಧ ನಾಯಕ ವಿನಾಯಕ ದಾಮೋದರ ಸಾವರಕರ. ಪ್ರತಿಯೊಬ್ಬನ ಪರವಾಗಿಯೂ ವಾದಿಸಲು ವಕೀಲರಿದ್ದರು. ಫಿರ್ಯಾದಿಯ ಕಡೆಯಿಂದ 149 ಮಂದಿ ಸಾಕ್ಷಿಗಳ ಹೇಳಿಕೆ ಪಡೆದರು. ಹಾಡುಹಗಲಿನಲ್ಲಿ, ಜನಸಮೂಹದ ನಡುವೆ, ಪಿಸ್ತೂಲಿನೊಡನೆಯೇ ಸಿಕ್ಕಿದವನಿಗೆ ಇಷ್ಟು ಸಾಕ್ಷಿಗಳೇಕೆ ಎಂದು ಆಗ ಕೇಳಿದವರುಂಟು. ಆ 149 ಮಂದಿ ಬೇಕಾದುದು ಅವನೊಬ್ಬನಿಗಾಗಿಯಲ್ಲ, ಉಳಿದ ಏಳು ಮಂದಿಯಲ್ಲಿ ಯಾರು ಎಷ್ಟರಮಟ್ಟಿಗೆ ಅಪರಾಧಿಗಳೆಂಬುದನ್ನು ಬಿಡಿಬಿಡಿಯಾಗಿ ತೂಗುವುದಕ್ಕಾಗಿ.

ಇದರಲ್ಲಿ ಕಳಂಕವೇ ಇರಲಿಲ್ಲವೆಂದು ನಾನು ಹೇಳಲಾರೆ. ಸಾಧಾರಣ ನ್ಯಾಯಾಸ್ಥಾನವನ್ನು ಬಿಟ್ಟು ವಿಶೇಷ ನ್ಯಾಯಾಸ್ಥಾನವನ್ನು ರಚಿಸಿದ್ದು ಒಂದು. ಗೋಡಸೆಯು ತನ್ನ ನೀಳವಾದ ಲಿಖಿತ ಹೇಳಿಕೆಯನ್ನು ನ್ಯಾಯಾಧಿಪತಿಗಳ ಮುಂದೆ ಗಂಟೆಗಟ್ಟಲೆ ಓದಲು ಅವಕಾಶ ಪಡೆದನಾದರೂ, ಅದನ್ನು ಪತ್ರಿಕೆಗಳು ಅಚ್ಚುಮಾಡದಂತೆ ಸರ್ಕಾರವು ತಡೆದದ್ದು ಇನ್ನೊಂದು. ಬಚ್ಚಿಟ್ಟ ಮಾತಿಗೆ ಇಲ್ಲದ ಬೆಲೆ ಬರುತ್ತದೆ. ಆ ಹೇಳಿಕೆಯು ಮುಂದೆ ಗುಟ್ಟಾಗಿ ಕೈಯಿಂದ ಕೈಗೆ ಹರಿದಾಡಿ, ಬಯಲಿನಲ್ಲಿ ಓದಿದ್ದರೆ ಗಳಿಸದಿದ್ದ ಗೌರವವನ್ನು ಕೆಲವರ ಕಣ್ಣಲ್ಲಿ ಗಳಿಸಿತು. 1948ರ ಫೆಬ್ರವರಿ 4ರಂದು ರಾಷ್ಟ್ರೀಯ ಸ್ವಯಂಸೇವಕ ಸಂಘವನ್ನು ನಿಷೇಧಿಸಿ ಸಾವಿರಾರು ಮಂದಿಯನ್ನು ಬಂಧಿಸಿದ್ದರಲ್ಲಿಯೂ ಎಲ್ಲರ ಮೇಲೆ ಅಪರಾಧವು ರುಜುವಾತಾಗಿರಲಿಲ್ಲ. ಈ ವಿಷಯದಲ್ಲಿ ಗೃಹಮಂತ್ರಿಗಳಾಗಿದ್ದ ಪಟೇಲರ ನಡೆ ಗಮನಾರ್ಹವಾದದ್ದು. ನಿಷೇಧವನ್ನು ಹೇರಿದವರು ಅವರೇ. ಆ ತಿಂಗಳು ಮುಗಿಯುವುದರೊಳಗೆ, ಕೊಲೆಯ ಒಳಸಂಚಿನಲ್ಲಿ ಸಂಘದ ಪಾತ್ರವಿಲ್ಲವೆಂದು ಪ್ರಧಾನಮಂತ್ರಿಗಳಿಗೆ ಪತ್ರ ಬರೆದವರೂ ಅವರೇ. ಅದೇ ವರ್ಷದ ಬೇರೆ ಪತ್ರಗಳಲ್ಲಿ, ಸಂಘದವರ ಭಾಷಣಗಳು ಹಬ್ಬಿಸಿದ ವಿಷದ ಫಲವಿದು ಎಂದು ಕಟುವಾಗಿ ಬರೆದವರೂ ಅವರೇ. ಕೆಲವರಿಗೆ ಇದು ಪರಸ್ಪರ ವಿರೋಧವಾಗಿ ತೋರುತ್ತದೆ. ನನಗೆ ಹಾಗೆ ತೋರುವುದಿಲ್ಲ. ವಿಷವಾದ ಮಾತನ್ನಾಡಿದ ದೋಷ ಬೇರೆ, ಕೊಲೆಗೆ ಕೈಹಾಕಿದ ದೋಷ ಬೇರೆ. ಮೊದಲನೆಯದನ್ನು ಖಂಡಿಸಲು ಎರಡನೆಯದನ್ನು ಹೊರಿಸಬೇಕಾದುದಿಲ್ಲ. 1949ರ ಜುಲೈಯಲ್ಲಿ ನಿಷೇಧವನ್ನು ತೆಗೆದರು.

1949ರ ಫೆಬ್ರವರಿ 10ರಂದು ತೀರ್ಪು ಬಂದಿತು. ನಾಥೂರಾಮನಿಗೂ ಆಪ್ಟೆಗೂ ಮರಣದಂಡನೆ, ಐವರಿಗೆ ಆಜೀವ ಶಿಕ್ಷೆ, ಸಾವರಕರರು ನಿರ್ದೋಷಿ. ಸಾವರಕರರ ವಿರುದ್ಧವಾಗಿ ಇದ್ದದ್ದು ಮುಖ್ಯವಾಗಿ ಮಾಫಿ ಸಾಕ್ಷಿಯ ಮಾತು. ತನ್ನ ತಲೆಯನ್ನು ಉಳಿಸಿಕೊಳ್ಳಲು ಮಾತನಾಡುವವನ ಮಾತಿಗೆ ಬೇರೆ ಕಡೆಯಿಂದ ಆಧಾರ ದೊರೆಯಬೇಕು, ದೊರೆಯಲಿಲ್ಲ. ಅವರ ರಾಜಕೀಯದ ಬಗೆಗೆ ಸರ್ಕಾರದಲ್ಲಿದ್ದವರ ಅಭಿಪ್ರಾಯವು ಎಲ್ಲರಿಗೂ ತಿಳಿದದ್ದೇ. ಆದರೂ ನ್ಯಾಯಾಧಿಪತಿಗಳು ಅವರನ್ನು ಬಿಡುಗಡೆ ಮಾಡಿದರು. ಇನ್ನೂ ಒಂದು ಕೆಲಸವನ್ನು ಅವರು ಮಾಡಿದರು. ಜನವರಿ 20ರಂದು ಮದನಲಾಲನು ಸಿಕ್ಕಿದ ಮೇಲೆ ಪೋಲೀಸರು ಸ್ವಲ್ಪವಾದರೂ ಚುರುಕಾಗಿದ್ದರೆ ಈ ಅನಾಹುತವನ್ನು ತಪ್ಪಿಸಬಹುದಾಗಿದ್ದಿತೆಂದು ತೀರ್ಪಿನಲ್ಲಿಯೇ ಬರೆದರು. ಮಹಾತ್ಮರನ್ನು ಕಳೆದುಕೊಂಡ ಸರ್ಕಾರಕ್ಕೆ, ಆ ಸರ್ಕಾರವೇ ನೇಮಿಸಿದ ನ್ಯಾಯಾಧಿಪತಿಯು, ನಿನ್ನ ಕೈಯಲ್ಲಿಯೂ ಲೋಪವುಂಟೆಂದು ಹೇಳಿದ್ದು ಸಣ್ಣ ಮಾತಲ್ಲ.

ಈಗ ಶಂಕರ ಕಿಸ್ತಯ್ಯನ ವಿಷಯಕ್ಕೆ ಬರುತ್ತೇನೆ. ಈ ಮೊಕದ್ದಮೆಯ ಪುಸ್ತಕಗಳಲ್ಲಿ ಅವನಿಗೆ ದೊರೆಯುವುದು ಒಂದೆರಡು ಸಾಲು. ನನ್ನ ಮನಸ್ಸಿನಲ್ಲಿ ಮಾತ್ರ ಅವನದೇ ದೊಡ್ಡ ಅಧ್ಯಾಯ. ಅವನು ದಿಗಂಬರ ಬಡಗೆ ಎಂಬ ಆಯುಧ ವ್ಯಾಪಾರಿಯ ಮನೆಯಾಳು. ಯಜಮಾನನು ಹೊರು ಎಂದರೆ ಹೊತ್ತನು, ಬಾ ಎಂದರೆ ದೆಹಲಿಗೂ ಬಂದನು. 20ರಂದು ಯಜಮಾನನೊಡನೆ ಬಿರ್ಲಾ ಭವನಕ್ಕೂ ಹೋದನು. ಎಲ್ಲರೂ ಸಿಕ್ಕಿಬಿದ್ದ ಮೇಲೆ ಬಡಗೆಯು ಮಾಫಿ ಸಾಕ್ಷಿಯಾದನು. ಆಯುಧಗಳನ್ನು ಒದಗಿಸಿದ ಯಜಮಾನನಿಗೆ ಕ್ಷಮೆ ದೊರೆಯಿತು. ಅವನ ಮಾತನ್ನು ಕೇಳಿದ ಆಳಿಗೆ ಆಜೀವ ಶಿಕ್ಷೆ. ಕಾನೂನಿನ ಕಣ್ಣಿಗೆ ಇದರಲ್ಲಿ ತಪ್ಪಿಲ್ಲದಿರಬಹುದು, ಏಕೆಂದರೆ ಒಳಸಂಚಿನ ಗಂಟನ್ನು ಬಿಚ್ಚಲು ಒಳಗಿನವನೊಬ್ಬನು ಬೇಕು. ಆತ್ಮಚರಣರಿಗೂ ಇದು ಮನಸ್ಸಿಗೆ ಒಗ್ಗದೆ, ಶಂಕರನ ಶಿಕ್ಷೆಯನ್ನು 7 ವರ್ಷಕ್ಕೆ ಇಳಿಸಬಹುದೆಂದು ತಾವೇ ಶಿಫಾರಸು ಮಾಡಿದ್ದರು.

ಮೇಲ್ಮನವಿಯು ಸಿಮ್ಲಾದಲ್ಲಿ ಪಂಜಾಬ್ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಮುಂದೆ ಬಂದಿತು: ಭಂಡಾರಿ, ಅಛ್ರೂರಾಮ್, ಖೋಸ್ಲಾ. ನಾಥೂರಾಮನು ಕೊಲೆಯನ್ನು ಅಲ್ಲಗಳೆಯಲಿಲ್ಲ. ಒಳಸಂಚು ಇರಲಿಲ್ಲ, ತಾನೊಬ್ಬನೇ ಮಾಡಿದೆನೆಂದು ವಾದಿಸಿದನು. ವಕೀಲರನ್ನು ಬಿಟ್ಟು ತಾನೇ ನಿಂತು ಮಾತನಾಡುತ್ತೇನೆಂದು ಅವನು ಕೇಳಿದಾಗ ನ್ಯಾಯಮೂರ್ತಿಗಳು ಒಪ್ಪಿದರು. ಸಭಾಂಗಣದಲ್ಲಿ ಹೆಂಗಸರು ಕಣ್ಣೀರಿಟ್ಟರೆಂದೂ, ಅಂದು ನೆರೆದಿದ್ದ ಜನರನ್ನೇ ಪಂಚರನ್ನಾಗಿ ಮಾಡಿದ್ದರೆ ಅವರು ಅವನನ್ನು ನಿರ್ದೋಷಿಯೆಂದುಬಿಡುತ್ತಿದ್ದರೆಂದೂ ಖೋಸ್ಲಾರವರು ಅನಂತರ ತಮ್ಮ ಪುಸ್ತಕದಲ್ಲಿ ನೆನೆದಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ಸಾತಾರಾದ ಬೆಂಕಿಯೇ ನೆನಪಾಗುತ್ತದೆ. ಗುಂಪು ಕೋಪಿಸಿಕೊಂಡಾಗ ನಿರಪರಾಧಿಯ ಮನೆಯನ್ನು ಸುಡುತ್ತದೆ, ಕರಗಿದಾಗ ಅಪರಾಧಿಯನ್ನು ಬಿಡುತ್ತದೆ.

1949ರ ಜೂನ್ 21ರಂದು ಹೈಕೋರ್ಟು ತೀರ್ಪನ್ನಿತ್ತಿತು. ನಾಥೂರಾಮ, ಆಪ್ಟೆ, ಕರಕರೆ, ಮದನಲಾಲ, ಗೋಪಾಲ ಇವರ ಶಿಕ್ಷೆಗಳು ಉಳಿದುವು. ಪರಚುರೆಯು ಸಂಶಯದ ಲಾಭವನ್ನು ಪಡೆದು ಬಿಡುಗಡೆಯಾದನು. ಶಂಕರ ಕಿಸ್ತಯ್ಯನು ಯಜಮಾನನ ಆಜ್ಞೆಯನ್ನು ನಡೆಸಿದ ಆಳೇ ಹೊರತು ಒಳಸಂಚುಗಾರನಲ್ಲವೆಂದು ಅವನನ್ನೂ ಬಿಟ್ಟರು. ರಾಷ್ಟ್ರಪಿತನ ಕೊಲೆಯ ಮೊಕದ್ದಮೆಯಲ್ಲಿ, ಯಾವ ಪಕ್ಷದ ಬೆಂಬಲವೂ ಇಲ್ಲದ, ಯಾರೂ ಕೇಳುವವರಿಲ್ಲದ ಒಬ್ಬ ಆಳಿನ ಮನಸ್ಸಿನಲ್ಲಿ ಏನಿದ್ದಿತು, ಏನಿರಲಿಲ್ಲ ಎಂಬುದನ್ನು ಮೂವರು ನ್ಯಾಯಮೂರ್ತಿಗಳು ಕುಳಿತು ವಿಚಾರಮಾಡಿದರು.

ಗಾಂಧೀಜಿಯವರ ಮಕ್ಕಳಾದ ಮಣಿಲಾಲರೂ ರಾಮದಾಸರೂ ಹಂತಕರ ಪ್ರಾಣವನ್ನು ಉಳಿಸಬೇಕೆಂದು ಸರ್ಕಾರವನ್ನು ಬೇಡಿದರು. ತಂದೆಯವರು ಇದ್ದಿದ್ದರೆ ಇದನ್ನೇ ಕೇಳುತ್ತಿದ್ದರೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಸರ್ಕಾರವು ಒಪ್ಪಲಿಲ್ಲ. ಮಕ್ಕಳು ಕ್ಷಮಿಸಬಹುದು, ರಾಜ್ಯವು ಕ್ಷಮಿಸಬಹುದೆ ಎಂಬ ಪ್ರಶ್ನೆಗೆ ಎರಡು ಕಡೆಯಲ್ಲಿಯೂ ಗಟ್ಟಿಯಾದ ಉತ್ತರಗಳಿವೆ. ಮರಣದಂಡನೆಯ ಒಳಿತು ಕೆಡಕುಗಳ ಚರ್ಚೆಗೆ ಬೇರೊಂದು ಲೇಖನವೇ ಬೇಕಾದೀತು. ನವೆಂಬರ್ 15ರಂದು ಅಂಬಾಲೆಯ ಸೆರೆಮನೆಯಲ್ಲಿ ಇಬ್ಬರನ್ನೂ ಗಲ್ಲಿಗೇರಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಉಳಿದ ಮೂವರು 1964ರಲ್ಲಿ ಬಿಡುಗಡೆಯಾಗಿ ಬಂದಾಗ ಪುಣೆಯಲ್ಲಿ ಅವರಿಗೆ ಸತ್ಕಾರ ನಡೆಯಿತು. ಒಳಸಂಚು ತನಗೆ ಮೊದಲೇ ಗೊತ್ತಿದ್ದಿತೆಂದು ಅಲ್ಲಿ ಒಬ್ಬರು ಹೇಳಿಕೊಂಡದ್ದು ದೇಶದಲ್ಲಿ ಕೋಲಾಹಲವನ್ನೆಬ್ಬಿಸಿತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜೀವನಲಾಲ್ ಕಪೂರರ ಆಯೋಗವು ಎಲ್ಲವನ್ನೂ ಮತ್ತೆ ಶೋಧಿಸಿ 1969ರಲ್ಲಿ ವರದಿಯನ್ನು ಕೊಟ್ಟಿತು. ಪೋಲೀಸರ ಲೋಪಗಳು ಅದರಲ್ಲಿ ಎಳೆಎಳೆಯಾಗಿ ಹೊರಬಂದುವು. ಸಾವರಕರರ ಬಗೆಗೆ ಆಯೋಗವು ನ್ಯಾಯಾಸ್ಥಾನಕ್ಕಿಂತ ಕಠಿನವಾದ ಅಭಿಪ್ರಾಯವನ್ನು ಬರೆದಿದೆ. ಅಷ್ಟರಲ್ಲಿ ಅವರು ತೀರಿಕೊಂಡು 3 ವರ್ಷಗಳಾಗಿದ್ದುವು. ಎದ್ದು ನಿಂತು ಉತ್ತರ ಹೇಳಲಾರದವನ ಮೇಲಿನ ಅಭಿಪ್ರಾಯವು ಅಭಿಪ್ರಾಯವಾಗಿಯೇ ಉಳಿಯುತ್ತದೆ, ತೀರ್ಪಾಗಲಾರದು. ಎರಡನ್ನೂ ಓದಿ ವಾಚಕರು ತಮ್ಮ ಮನಸ್ಸನ್ನು ತಾವೇ ಗೊತ್ತುಮಾಡಿಕೊಳ್ಳಬಹುದು.

ಅಂಬಾಲೆಯ ಗಲ್ಲಿಗೆ 11 ದಿನಗಳಾದ ಮೇಲೆ, 1949ರ ನವೆಂಬರ್ 26ರಂದು, ನಮ್ಮ ಸಂವಿಧಾನವು ಅಂಗೀಕಾರವಾಯಿತು. ಬಂಧಿತನಾದ ಯಾವನಿಗೇ ಆಗಲಿ ತನ್ನ ಆಯ್ಕೆಯ ವಕೀಲನ ನೆರವು ಇರತಕ್ಕದ್ದೆಂಬುದನ್ನು ಅದರ 22ನೆಯ ಅನುಚ್ಛೇದದಲ್ಲಿ ಬರೆದಿದ್ದಾರೆ. ಸರಿಯಾಗಿ 59 ವರ್ಷಗಳ ಅನಂತರ, ಅದೇ ನವೆಂಬರ್ 26ರಂದು, ಆ ಬರೆಹಕ್ಕೆ ಅತ್ಯಂತ ಕಠಿನವಾದ ಪರೀಕ್ಷೆ ಬಂದಿತು. 2008ರ ಆ ರಾತ್ರಿ ಪಾಕಿಸ್ತಾನದಿಂದ ಸಮುದ್ರಮಾರ್ಗವಾಗಿ ಬಂದ ಹತ್ತು ಮಂದಿ ಮುಂಬಯಿಯಲ್ಲಿ 166 ಜನರನ್ನು ಕೊಂದರು. ಒಂಬತ್ತು ಮಂದಿ ಸತ್ತರು. ಅಜ್ಮಲ್ ಕಸಾಬನೊಬ್ಬನು ಜೀವಂತವಾಗಿ ಸಿಕ್ಕಿದನು. ಅವನ ಬಂದೂಕಿನ ನಳಿಗೆಯನ್ನು ಗುಂಡುಗಳು ಮೈಯನ್ನು ಹೊಕ್ಕರೂ ಬಿಡದೆ ಹಿಡಿದಿದ್ದವರು ತುಕಾರಾಂ ಓಂಬಳೆ ಎಂಬ ಪೋಲೀಸಿನವರು. ಅವರ ಕೈಯಲ್ಲಿದ್ದದ್ದು ಒಂದು ಲಾಠಿ. ಅವರು ಪ್ರಾಣ ಕೊಟ್ಟದ್ದರಿಂದಲೇ ವಿಚಾರಣೆಗೆ ಒಬ್ಬ ಮನುಷ್ಯನು ಉಳಿದನು.

ಆ ವಿಚಾರಣೆಯಾದರೂ ಸುಲಭವಾಗಿ ನಡೆಯಲಿಲ್ಲ. ಅವನ ಪರವಾಗಿ ನಿಲ್ಲಕೂಡದೆಂದು ವಕೀಲರ ಸಂಘವೊಂದು ನಿರ್ಣಯ ಮಾಡಿತು. ನೇಮಕವಾದ ಮಹಿಳಾ ವಕೀಲರೊಬ್ಬರ ಮನೆಯ ಮುಂದೆ ಗುಂಪು ಸೇರಿ ಕೂಗಾಡಿತು. ಇಂಥ ನಿರ್ಣಯಗಳು ಸಂವಿಧಾನಕ್ಕೆ ವಿರುದ್ಧವೆಂದು 2010ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸಾರಿತು. ಇತ್ತ ಮುಂಬಯಿಯ ದೊಡ್ಡ ಕಬರಸ್ತಾನದ ಮುಸಲ್ಮಾನ ಧರ್ಮದರ್ಶಿಗಳು, ನಿರಪರಾಧಿಗಳನ್ನು ಕೊಂದವರು ನಮ್ಮ ಮತದವರೇ ಅಲ್ಲವೆಂದು ಹೇಳಿ, ಆ ಒಂಬತ್ತು ಹೆಣಗಳಿಗೆ ತಮ್ಮ ನೆಲದಲ್ಲಿ ಜಾಗ ಕೊಡಲಿಲ್ಲ. ಹೆಣಗಳು ಒಂದು ವರ್ಷಕ್ಕೂ ಮಿಗಿಲಾಗಿ ಆಸ್ಪತ್ರೆಯ ಶವಾಗಾರದಲ್ಲಿದ್ದು, ಕೊನೆಗೆ ಸರ್ಕಾರವೇ ಅವನ್ನು ಗುಟ್ಟಾಗಿ ಹೂಳಬೇಕಾಯಿತು.

ಕಸಾಬನೊಡನೆ ಇಬ್ಬರು ಭಾರತೀಯರೂ ಕಟಕಟೆಯಲ್ಲಿದ್ದರು. ಕೊಲೆಗಾರರಿಗೆ ಮುಂಬಯಿಯ ನಕಾಶೆಯನ್ನು ಬರೆದುಕೊಟ್ಟರೆಂಬುದು ಅವರ ಮೇಲಿನ ಆಪಾದನೆ. ಆ ನಕಾಶೆಯು ಕಸಾಬನ ಜೊತೆಗಾರನಾಗಿದ್ದು ಗುಂಡೇಟಿನಿಂದ ಸತ್ತವನ ಷರಾಯಿಯ ಜೇಬಿನಲ್ಲಿ ಸಿಕ್ಕಿತೆಂದು ಪೋಲೀಸರು ಹೇಳಿದ್ದರು. ನ್ಯಾಯಾಧಿಪತಿ ತಹಲಿಯಾನಿಯವರು ಆ ಕಾಗದವನ್ನು ನೋಡಿದರು. ಸತ್ತವನ ಬಟ್ಟೆಯೆಲ್ಲ ರಕ್ತಮಯವಾಗಿದ್ದಿತು. ಕಾಗದದ ಮೇಲೆ ಒಂದು ಕಲೆಯೂ ಇರಲಿಲ್ಲ.

ಊರೆಲ್ಲ ಶೋಕದಲ್ಲಿದ್ದ ಕಾಲ, ಆಪಾದಿತರ ಹೆಸರುಗಳು ಜನರ ಸಂಶಯಕ್ಕೆ ಅನುಕೂಲವಾಗಿದ್ದ ಕಾಲ. ಆ ಕಾಗದವನ್ನು ಹೆಚ್ಚು ಪರಾಂಬರಿಸದೆ ಹೋಗಿದ್ದರೆ ಕೇಳುವವರು ಯಾರೂ ಇರುತ್ತಿರಲಿಲ್ಲ. 2010ರ ಮೇ 3ರಂದು ತಹಲಿಯಾನಿಯವರು ಕಸಾಬನನ್ನು ಅಪರಾಧಿಯೆಂದೂ ಆ ಇಬ್ಬರನ್ನು ನಿರ್ದೋಷಿಗಳೆಂದೂ ಸಾರಿದರು. ಸರ್ಕಾರವು ಇಬ್ಬರ ಬಿಡುಗಡೆಯನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಯಿತು, ಅಲ್ಲಿಯೂ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಆಗಸ್ಟ್ 29ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ, ಚಂದ್ರಮೌಳಿ ಕುಮಾರ್ ಪ್ರಸಾದ್ ಇವರು ಒಂದೇ ತೀರ್ಪಿನಲ್ಲಿ ಕಸಾಬನ ಮರಣದಂಡನೆಯನ್ನೂ ಆ ಇಬ್ಬರ ಬಿಡುಗಡೆಯನ್ನೂ ಸ್ಥಿರಪಡಿಸಿದರು.